ಮೊದಲು ಯಾರಿಗೆ ಕಟ್ಟುವುದು?

ಸಾಲದಲ್ಲಿ ಸಿಕ್ಕಿಕೊಂಡವರು ಸಂಬಳ ಬಂದ ದಿನ ಮೊದಲು ಕಟ್ಟುವುದು ಯಾರು ಜೋರು ಮಾಡುತ್ತಾರೋ ಅವರಿಗೆ. ಯಾರ ಬಡ್ಡಿ ಹೆಚ್ಚು ಎಂಬುದು ಆ ಹೊತ್ತಿಗೆ ತಲೆಗೆ ಬರುವುದಿಲ್ಲ. ಅಂಗಡಿಯಲ್ಲಿ ಗಿರಾಕಿಯ ಎದುರು ನಿಂತಿರುವಾಗ ಮೇಲಿಂದ ಮೇಲೆ ಫೋನು ಬರುತ್ತದೆ. ಅದನ್ನು ನಿಲ್ಲಿಸಲು ಒಂದು ಸಾವಿರ ಹೋಗುತ್ತದೆ. ಸಂಘದ ವಾರದ ಮೀಟಿಂಗಿನಲ್ಲಿ ಅಮ್ಮ ಹತ್ತು ಜನರ ಎದುರು ತಲೆ ತಗ್ಗಿಸಬಾರದೆಂದು ಇನ್ನೊಂದಿಷ್ಟು. ಬಂಟ್ವಾಳದ ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಬೈಕಿಗೆ ಒರಗಿ ಕಾಯುವವನಿಗೆ ಮತ್ತಷ್ಟು. ತಿಂಗಳ ಏಳನೇ ತಾರೀಕಿಗೆ ಕೈ ಖಾಲಿ. ಎಲ್ಲರಿಗೂ ಕೊಟ್ಟದ್ದಾಯಿತು, ಯಾವ ಸಾಲವೂ ಕರಗಲಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಇಪ್ಪತ್ತೆರಡು, ಇಪ್ಪತ್ತೈದರ ಹುಡುಗ ಹುಡುಗಿಯರು ಹೇಳುವ ಕಷ್ಟದ ಒಳಗೆ ಇರುವುದು ಇದೇ. ಸಂಬಳ ಕಡಿಮೆ ಎಂಬುದು ನಿಜ. ಆದರೆ ಆ ಸಂಬಳದಲ್ಲೇ ಸಾಲದಿಂದ ಹೊರಬರುವ ದಾರಿ ಅನೇಕರಿಗೆ ಇದೆ. ಕಟ್ಟುವ ಸರದಿ ತಪ್ಪಿರುವುದರಿಂದ ಅದು ಕಾಣುತ್ತಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಒಂದು ಮನೆಯ ಲೆಕ್ಕವನ್ನೇ ಹಾಳೆಯ ಮೇಲೆ ಇಟ್ಟು ನೋಡೋಣ. ಇದು ಯಾರೋ ಒಬ್ಬರ ಕತೆಯಲ್ಲ, ಈ ಮೂರು ತಾಲೂಕುಗಳಲ್ಲಿ ಕಾಣಸಿಗುವ ಹಲವು ಮನೆಗಳನ್ನು ಸೇರಿಸಿ ಕಟ್ಟಿದ ಲೆಕ್ಕ. ಐದು ಸೆಂಟ್ಸ್ ಜಾಗ, ಅದರಲ್ಲೊಂದು ಹೆಂಚಿನ ಮನೆ. ಮಗನಿಗೆ ಇಪ್ಪತ್ನಾಲ್ಕು, ಬಿ.ಸಿ.ರೋಡಿನ ಅಂಗಡಿಯಲ್ಲಿ 15,000 ರೂಪಾಯಿ ಸಂಬಳ. ಅಮ್ಮ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಾಳೆ. ಬೀಡಿ ಬ್ರಾಂಚಿನಿಂದ ಕೈಗೆ ಬರುವುದು ತಿಂಗಳಿಗೆ 4,500. ಗೃಹಲಕ್ಷ್ಮಿ ಯೋಜನೆಯದ್ದು 2,000. ಒಟ್ಟು 21,500. ತಂಗಿ ಮೂಡುಬಿದಿರೆಯಲ್ಲಿ ಡಿಗ್ರಿ ಓದುತ್ತಿದ್ದಾಳೆ.

ಇನ್ನು ಸಾಲ. ಅಮ್ಮನ ಹೆಸರಿನಲ್ಲಿ ಸ್ವಸಹಾಯ ಸಂಘದ ಸಾಲ 80,000 ಬಾಕಿ. ವಾರಕ್ಕೆ 750, ಅಂದರೆ ತಿಂಗಳಿಗೆ 3,250. ಮಗನ ಬೈಕಿನ ಸಾಲ 60,000 ತೆಗೆದದ್ದು. ತಿಂಗಳಿಗೆ 3,100, ಇನ್ನೂ ಹದಿನಾರು ಕಂತು ಉಳಿದಿದೆ. ಮೊಬೈಲಿನ ಕಂತು 1,500, ಆರು ತಿಂಗಳದ್ದು. ಆ್ಯಪ್‌ಗಳಲ್ಲಿ ಚೂರುಚೂರಾಗಿ ತೆಗೆದದ್ದು 18,000. ವರ್ಷಕ್ಕೆ ಶೇ 36 ಬಡ್ಡಿ, ತಿಂಗಳಿಗೆ 2,600. ಅಪ್ಪನ ಆಸ್ಪತ್ರೆಯ ಹೊತ್ತಿನಲ್ಲಿ ಖಾಸಗಿಯವರಿಂದ ನೂರಕ್ಕೆ ಐದರ ಹಾಗೆ ತೆಗೆದದ್ದು 25,000. ತಿಂಗಳಿಗೆ ಬಡ್ಡಿಯೇ 1,250, ಅಸಲು ಹಾಗೇ ಕೂತಿದೆ. ಸೋದರಮಾವನ ಕೈಸಾಲ 20,000, ಅದಕ್ಕೆ ಬಡ್ಡಿಯಿಲ್ಲ. ಎಲ್ಲ ಸೇರಿ ತಿಂಗಳಿಗೆ 11,700 ರೂಪಾಯಿ ಸಾಲಕ್ಕೇ ಹೋಗುತ್ತದೆ. ಅಮ್ಮ, ಮಗ, ಮಗಳು ಮೂವರೂ ಉಳಿದ 9,800ರಲ್ಲಿ ತಿಂಗಳು ದೂಡಬೇಕು.

2022ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕಿನ ಒಂದು ನಿಯಮ ಜಾರಿಯಲ್ಲಿದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಮೈಕ್ರೋಫೈನಾನ್ಸ್ ಸಾಲ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಆ ಕುಟುಂಬದ ಎಲ್ಲ ಸಾಲಗಳ ಕಂತು ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ನಮ್ಮ ಮನೆಯ ಕಂತು ಶೇ 54 ದಾಟಿದೆ. ಆದರೆ ನೂರಕ್ಕೆ ಐದರ ಸಾಲ ಯಾವ ದಾಖಲೆಯಲ್ಲೂ ಇಲ್ಲ. ಅದನ್ನು ಬಿಟ್ಟು ಎಣಿಸಿದರೆ 10,450, ಅಂದರೆ ಶೇ 48.6. ಕಾಗದದ ಮೇಲೆ ಈ ಮನೆ ಇನ್ನೂ ಸಾಲಕ್ಕೆ ಅರ್ಹ! ಮುಳುಗಿದ ಮನೆಗೆ ಮತ್ತೊಂದು ಸಾಲ ಮಂಜೂರಾಗುವುದು ಹೀಗೆ. ಅತಿ ದುಬಾರಿ ಸಾಲವೇ ಲೆಕ್ಕದಿಂದ ಹೊರಗಿರುತ್ತದೆ.

ನಮ್ಮ ಜಿಲ್ಲೆಯಲ್ಲಿ ಸಾಲ ಸಿಗದೆ ಕಷ್ಟಪಟ್ಟವರಿಗಿಂತ ಸಿಕ್ಕಿ ಕಷ್ಟಪಟ್ಟವರೇ ಈಗ ಹೆಚ್ಚು ಕಾಣುತ್ತಾರೆ. ಉಡುಪಿಯೂ ಸೇರಿದ್ದ ಹಳೆಯ ದಕ್ಷಿಣ ಕನ್ನಡ ಬ್ಯಾಂಕುಗಳ ತವರು. 1906ರಲ್ಲಿ ಕೆನರಾ, ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಪುತ್ತೂರಿನ ಮೊಳಹಳ್ಳಿ ಶಿವರಾಯರು ಶತಮಾನದ ಹಿಂದೆ ಬಿತ್ತಿದ ಸಹಕಾರ ಚಳವಳಿಯಿಂದ ಊರೂರಿಗೆ ಸೊಸೈಟಿ ಬಂತು. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲೇ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹುಟ್ಟಿತು. ಪ್ರಗತಿಬಂಧು ತಂಡಗಳು, ಸ್ವಸಹಾಯ ಸಂಘಗಳು ಮನೆಮನೆ ಮುಟ್ಟಿದವು. ಡಿಸಿಸಿ ಬ್ಯಾಂಕಿನ ನವೋದಯ ಗುಂಪುಗಳು ಬಂದವು. ಇವುಗಳಿಂದ ಎಷ್ಟೋ ಮನೆಗಳಿಗೆ ಪಾಯಿಖಾನೆ, ಬಾವಿ, ಹೆಂಚಿನ ಬದಲು ತಾರಸಿ ಬಂದಿದೆ. ಅದನ್ನು ಅಲ್ಲಗಳೆಯುವಂತಿಲ್ಲ. ಆಮೇಲೆ ಹೊರಗಿನ ಫೈನಾನ್ಸ್ ಕಂಪನಿಗಳು, ಅದರ ಮೇಲೆ ಮೊಬೈಲ್ ಆ್ಯಪ್‌ಗಳು ಬಂದವು. ಒಂದರ ಕಂತು ಕಟ್ಟಲು ಇನ್ನೊಂದು ಎಂಬ ಅಭ್ಯಾಸ ಬೆಳೆದದ್ದು ಈ ಕೊನೆಯ ಹಂತದಲ್ಲಿ.

ಈ ಚರಿತ್ರೆಯಲ್ಲಿ ಎತ್ತಿ ಹೇಳಬೇಕಾದ ಸಂಗತಿ ಒಂದಿದೆ. ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಉಡುಪಿಯಲ್ಲಿ ಕಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆಬಾಗಿಲಿಗೇ ಬಂದು ಬರೆದುಕೊಂಡು ಹೋಗುತ್ತಿದ್ದರು. ದಿನಗೂಲಿಯವನ ಕೈಯಲ್ಲಿ ತಿಂಗಳ ಕೊನೆಗೆ ಹಣ ಉಳಿಯುವುದಿಲ್ಲ, ದಿನದ ಕೊನೆಗೆ ಉಳಿಯುತ್ತದೆ ಎಂಬುದನ್ನು ಅವರು ಅರಿತಿದ್ದರು. ಸಿಂಡಿಕೇಟ್ 2020ರಲ್ಲಿ ಕೆನರಾದೊಳಗೆ ಸೇರಿಹೋಯಿತು. ಪಿಗ್ಮಿ ಮಾತ್ರ ಸೊಸೈಟಿಗಳಲ್ಲಿ ಇಂದಿಗೂ ನಡೆಯುತ್ತಿದೆ. ಬಾಗಿಲಿಗೆ ಬಂದು ಉಳಿತಾಯ ಸಂಗ್ರಹಿಸುವುದನ್ನು ಕಲಿಸಿದ ನಾಡಿನಲ್ಲಿ ಈಗ ಬಾಗಿಲಿಗೆ ಬರುವವರಲ್ಲಿ ಕಂತು ವಸೂಲಿಯವರೇ ಹೆಚ್ಚು ಎಂಬುದು ನನ್ನನ್ನು ಕಾಡುವ ಸಂಗತಿ.

ಸಾಲದ ಪಟ್ಟಿ ಬರೆಯಲು ಕೂತರೆ ಪೆನ್ನು ಮೊದಲು ನಿಲ್ಲುವುದು ಮರ್ಯಾದೆಯ ಹತ್ತಿರ. ಮಗ ಆ್ಯಪ್ ಸಾಲವನ್ನು ಅಮ್ಮನಿಗೆ ಹೇಳಿರುವುದಿಲ್ಲ. ಅಮ್ಮ ನೂರಕ್ಕೆ ಐದರದ್ದನ್ನು ಮಗಳಿಗೆ ಹೇಳಿರುವುದಿಲ್ಲ. ಸಂಘದಿಂದ ಮನೆ ರಿಪೇರಿಗೆಂದು ತೆಗೆದದ್ದು ಬೈಕಿನ ಡೌನ್ ಪೇಮೆಂಟಿಗೆ ಹೋಗಿರುತ್ತದೆ. ನೆರೆಮನೆಯವರಿಗಾಗಿ ತಮ್ಮ ಹೆಸರಿನಲ್ಲಿ ಎತ್ತಿಕೊಟ್ಟ ಸಾಲವೂ ಒಮ್ಮೊಮ್ಮೆ ಹೊರಬರುತ್ತದೆ. ಒಂದು ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ಕೂತು, ಪಾಸ್‌ಬುಕ್ಕುಗಳನ್ನೂ ಮೊಬೈಲನ್ನೂ ಮುಂದಿಟ್ಟುಕೊಂಡು, ಬೈಗುಳ ಬದಿಗಿಟ್ಟು, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯದೆ ಮುಂದಿನ ಯಾವ ಹೆಜ್ಜೆಯೂ ಸಾಧ್ಯವಿಲ್ಲ. ಯಾರಿಗೆ, ಎಷ್ಟು ಬಾಕಿ, ವರ್ಷಕ್ಕೆ ಎಷ್ಟು ಬಡ್ಡಿ, ಜಾಮೀನು ಯಾರದು. ನಾಲ್ಕು ಕಾಲಂ ಸಾಕು. ಯಾವುದಾದರೂ ಹಳೆಯ ಸಾಲ ಮರೆತಿದ್ದರೆ ಕ್ರೆಡಿಟ್ ವರದಿಯಲ್ಲಿ ಸಿಗುತ್ತದೆ. ಸಿಬಿಲ್ ಮುಂತಾದ ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಲೇಬೇಕು.

ಮೂರನೇ ಕಾಲಂ ತುಂಬುವುದು ಕಷ್ಟ, ಏಕೆಂದರೆ ಬಡ್ಡಿಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಬೈಕಿನ ಸಾಲವನ್ನೇ ನೋಡಿ. ಶೇ 12 ಫ್ಲ್ಯಾಟ್ ಎಂದು ಹೇಳಿ 60,000ಕ್ಕೆ ಎರಡು ವರ್ಷದ ಬಡ್ಡಿ 14,400 ಸೇರಿಸಿ, 74,400ನ್ನು ಇಪ್ಪತ್ನಾಲ್ಕರಿಂದ ಭಾಗಿಸಿದರೆ ಕಂತು 3,100. ಆದರೆ ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿ ಪೂರ್ತಿ 60,000ದ ಮೇಲೇ ಹಾಕಿದ್ದರಿಂದ, ನಿಜವಾದ ದರ ಶೇ 21.5ರ ಆಸುಪಾಸು. ದಿನಕ್ಕೆ ನೂರರ ಹಾಗೆ ನೂರು ದಿನ ಕಟ್ಟುವ ಸಾಲ ಇನ್ನೂ ಕಣ್ಣಿಗೆ ಮಣ್ಣೆರಚುವಂಥದ್ದು. ಹತ್ತು ಸಾವಿರ ಎಂದು ಹೇಳಿ ಕೈಗೆ ಎಂಟೂವರೆ ಸಾವಿರ ಕೊಟ್ಟರೆ ಬರೇ ಸಾವಿರದ ಐನೂರು ಬಡ್ಡಿ ಎಂದು ಕಾಣುತ್ತದೆ. ವರ್ಷದ ಲೆಕ್ಕಕ್ಕೆ ತಂದರೆ ಅದು ಶೇ 120. ನೂರಕ್ಕೆ ಐದು ಎಂದರೆ ಶೇ 60. ಕರ್ನಾಟಕದಲ್ಲಿ ಲೈಸೆನ್ಸ್ ಪಡೆದ ಲೇವಾದೇವಿಗಾರ ಅಡಮಾನ ಇದ್ದರೆ ಶೇ 14, ಇಲ್ಲದಿದ್ದರೆ ಶೇ 16ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ಮಿತಿಮೀರಿದ ಬಡ್ಡಿಯನ್ನು ನಿಷೇಧಿಸುವ ಕಾಯ್ದೆ 2004ರಿಂದಲೇ ಇದೆ.

ಹಾಳೆ ತುಂಬಿದ ಮೇಲೆ ಸರದಿ ತಾನಾಗಿ ಕಾಣುತ್ತದೆ. ನೂರಕ್ಕೆ ಐದು ಮೊದಲು, ಆ್ಯಪ್ ಎರಡನೆಯದು. ಇವೆರಡಕ್ಕೂ ಬೇಕಾದದ್ದು 43,000. ನಮ್ಮ ಕಡೆ ಎಷ್ಟೇ ಬಡ ಮನೆಯಾದರೂ ಒಂದು ಪವನಿನ ಬಳೆಯೋ ಸರವೋ ಕಪಾಟಿನಲ್ಲಿರುತ್ತದೆ. ಇಂದಿನ ಚಿನ್ನದ ಬೆಲೆಗೆ ಒಂದು ಪವನಿನ ಮೇಲೆ ಇಷ್ಟು ಸಾಲ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಸಿಗುತ್ತದೆ. ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ, ತಿಂಗಳಿಗೆ ಸುಮಾರು 360. ಆ ಎರಡು ಸಾಲಗಳು ತಿನ್ನುತ್ತಿದ್ದ ಬಡ್ಡಿ 1,790. ಅದಕ್ಕಿಂತ ಮುಖ್ಯವಾದದ್ದು, ಅವೆರಡಕ್ಕೆ ಕಟ್ಟುತ್ತಿದ್ದ 3,850 ರೂಪಾಯಿ ಈಗ ಪೂರ್ತಿ ಚಿನ್ನದ ಸಾಲಕ್ಕೆ ಹೋಗುತ್ತದೆ. ಆರು ತಿಂಗಳ ನಂತರ ಮೊಬೈಲಿನ 1,500ವೂ ಸೇರಿಕೊಳ್ಳುತ್ತದೆ. ಹನ್ನೊಂದು ತಿಂಗಳಿಗೆ ಬಳೆ ಬಿಡಿಸಿಕೊಳ್ಳಬಹುದು. ಸಂಬಳ ಒಂದು ರೂಪಾಯಿ ಏರಿಲ್ಲ, ಊಟದಲ್ಲಿ ಒಂದು ತುತ್ತು ಕಡಿಮೆಯಾಗಿಲ್ಲ.

ಇದನ್ನು ಅರ್ಧಕ್ಕೆ ಮಾಡಿದರೆ ಮಾತ್ರ ಅಪಾಯ. ಬಳೆಯ ಹಣ ಕೈಗೆ ಬಂದ ದಿನವೇ ಎರಡೂ ಸಾಲ ತೀರಬೇಕು; ವಾರ ಬಿಟ್ಟರೆ ಆ ಹಣ ಇನ್ಯಾವುದೋ ತೂತಿಗೆ ಇಳಿದು, ಹಳೆಯ ಸಾಲದ ಜೊತೆಗೆ ಅಡವಿನ ಸಾಲವೂ ಕೂರುತ್ತದೆ. ಖಾಸಗಿಯವರ ಹತ್ತಿರ ಒಬ್ಬರೇ ಹೋಗಬೇಡಿ, ಊರಿನಲ್ಲಿ ಮಾತು ನಡೆಯುವ ಇಬ್ಬರನ್ನು ಕರೆದುಕೊಂಡು ಹೋಗಿ. ಅಸಲು ಕೊಡುವ ಕೈಯಲ್ಲೇ ಖಾಲಿ ಚೆಕ್ಕನ್ನೂ ಸಹಿ ಹಾಕಿದ ಸ್ಟ್ಯಾಂಪ್ ಪೇಪರನ್ನೂ ವಾಪಸು ತೆಗೆದುಕೊಳ್ಳಿ. ಆ ಚೆಕ್ಕು ಅಲ್ಲೇ ಉಳಿದರೆ ನಾಳೆ ಬೌನ್ಸ್ ಕೇಸಿಗೆ ದಾರಿಯಾಗಬಹುದು. ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನಲ್ಲಿ ಎರಡು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಆ್ಯಪ್‌ನಿಂದ ಸಾಲ ಮುಗಿದ ಪತ್ರ ತೆಗೆದಿಟ್ಟು, ಆ್ಯಪ್ ಅಳಿಸಿಬಿಡಿ. ಚಿನ್ನದ ಸಾಲ ತೀರಿದ ಮೇಲೆ ಒಡವೆ ಕೊಡಲು ಸತಾಯಿಸುವಂತೆಯೂ ಇಲ್ಲ. 2025ರ ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ ಏಳು ಕೆಲಸದ ದಿನ ಮೀರಿ ತಡಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ಸೋದರಮಾವನಿಗೆ ಏನು ಹೇಳುವುದು? ಇದ್ದದ್ದನ್ನೇ. "ಮಾವ, ನಿಮ್ಮದು ಮರೆತಿಲ್ಲ. ಬಡ್ಡಿಯದ್ದು ಮೊದಲು ಮುಗಿಸ್ತೇನೆ, ನಿಮ್ಮದು ಮುಂದಿನ ವರ್ಷ ಕೊಡ್ತೇನೆ." ಹೇಳದೆ ತಲೆ ತಪ್ಪಿಸಿಕೊಂಡರೆ ಸಂಬಂಧ ಹೋಗುತ್ತದೆ, ಎದುರು ಕೂತು ಹೇಳಿದರೆ ಬಹಳ ಸಲ ಅವರೇ ಧೈರ್ಯ ಹೇಳಿ ಕಳಿಸುತ್ತಾರೆ. ಸಂಘದ ಕಂತು ಮಾತ್ರ ತಪ್ಪಿಸಬೇಡಿ. ಅಲ್ಲಿ ಒಬ್ಬರು ತಪ್ಪಿದರೆ ಉಳಿದವರ ತಲೆಗೆ ಬರುತ್ತದೆ, ಅವರೂ ನಿಮ್ಮ ಹಾಗೆಯೇ ಬೀಡಿ ಕಟ್ಟುವವರು.

ಕಂತು ತಪ್ಪಿದಾಗ ಆಗುವ ಹೆದರಿಕೆಯ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ಹೆದರಿಕೆಯೇ ಎಷ್ಟೋ ಮಕ್ಕಳನ್ನು ತಪ್ಪು ಹೆಜ್ಜೆ ಇಡಿಸಿದೆ. ಸಾಲ ಕಟ್ಟಲಾಗದೆ ಹೋಗುವುದು ಅಪರಾಧವಲ್ಲ, ಅದು ಸಿವಿಲ್ ವ್ಯವಹಾರ. ಮೈಕ್ರೋಫೈನಾನ್ಸ್ ಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ, ಮನೆಗೆ ಬರುವಂತಿಲ್ಲ. ನೆಂಟರಿಗೆ, ಸಹೋದ್ಯೋಗಿಗಳಿಗೆ ಕಿರುಕುಳ ಕೊಡುವಂತಿಲ್ಲ. 2025ರ ಆರಂಭದಲ್ಲಿ ಚಾಮರಾಜನಗರದ ಕಡೆ ಜನ ಕಿರುಕುಳ ತಾಳದೆ ಊರು ಬಿಟ್ಟ ಸುದ್ದಿಗಳು ಬಂದ ಮೇಲೆ ಸರ್ಕಾರ ಫೆಬ್ರುವರಿ 12ರಂದು ಸುಗ್ರೀವಾಜ್ಞೆ ತಂದಿತು, ನಂತರ ಅದು ಕಾಯ್ದೆಯಾಯಿತು. ಬಲವಂತದ ವಸೂಲಿಗೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪೊಲೀಸರು ದೂರು ದಾಖಲಿಸುವುದಿಲ್ಲ ಎನ್ನುವಂತಿಲ್ಲ. ಆ್ಯಪ್‌ನವರು ಫೋಟೊ ತಿರುಚಿ ಹೆದರಿಸಿದರೆ ಸೈಬರ್ ಸಹಾಯವಾಣಿ 1930. ಬ್ಯಾಂಕು, ಫೈನಾನ್ಸ್ ಕಂಪನಿಗಳ ಮೇಲೆ ದೂರಿದ್ದರೆ ರಿಸರ್ವ್ ಬ್ಯಾಂಕಿನ 14448. ಮನಸ್ಸು ಕುಸಿದ ರಾತ್ರಿ ಕನ್ನಡದಲ್ಲೇ ಮಾತಾಡಬಹುದಾದ ಟೆಲಿಮಾನಸ್ 14416. ಈ ನಂಬರನ್ನು ಈಗಲೇ ಸೇವ್ ಮಾಡಿಕೊಳ್ಳಿ, ನಿಮಗೆ ಬೇಡವಾದರೆ ಗೆಳೆಯನಿಗೆ ಬೇಕಾದೀತು.

ಸುಸ್ತಿ ಬಿದ್ದ ಸಾಲಕ್ಕೆ ಸೊಸೈಟಿಯವರು ಸಹಕಾರ ಕಾಯ್ದೆಯ 70ನೇ ಸೆಕ್ಷನ್ನಿನಲ್ಲಿ ದಾವೆ ಹೂಡುತ್ತಾರೆ. ನೋಟಿಸು ಬಂದಾಗ ಹಿಂದಿರುಗಿಸಿ ಸುಮ್ಮನೆ ಕೂತರೆ ತೀರ್ಪು ಏಕಪಕ್ಷೀಯವಾಗುತ್ತದೆ. ಹೋಗಿ ಹಾಜರಾಗಿ, ಕಂತು ಮಾಡಿಕೊಡಿ ಎಂದು ಕೇಳಿ. ಬ್ಯಾಂಕಿನ ಸಾಲವಾದರೆ ಲೋಕ ಅದಾಲತ್ ಇದೆ. ಅಲ್ಲಿನ ರಾಜಿಗೆ ಕೋರ್ಟ್ ಡಿಕ್ರಿಯ ಬೆಲೆಯಿದೆ, ಮೇಲ್ಮನವಿಯ ಅಲೆದಾಟವಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರರಲ್ಲೂ ಕೋರ್ಟು ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವೆಯ ಸಹಾಯವಾಣಿ 15100. ಒಂದು ಎಚ್ಚರ: ಕಡಿಮೆ ಹಣಕ್ಕೆ ರಾಜಿಯಾದ ಸಾಲ ಕ್ರೆಡಿಟ್ ವರದಿಯಲ್ಲಿ 'ಸೆಟಲ್ಡ್' ಎಂದು ಕೂರುತ್ತದೆ, 'ಕ್ಲೋಸ್ಡ್' ಎಂದಲ್ಲ. ಮುಂದೆ ಮನೆ ಸಾಲ ಕೇಳುವಾಗ ಅದು ಅಡ್ಡ ಬರುತ್ತದೆ. ಪೂರ್ತಿ ಕಟ್ಟುವ ದಾರಿ ಇರುವವರು ರಾಜಿಗೆ ಆತುರಪಡಬಾರದು.

ಹೊಸ ಹೊಂಡಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಗೆಳೆಯನಿಗೆ ಜಾಮೀನು ಹಾಕುವುದು ಬರೀ ಸಹಿಯಲ್ಲ. ಅವನು ಕಟ್ಟದಿದ್ದರೆ ಪೂರ್ತಿ ಸಾಲ ನಿಮ್ಮದು, ಮೊದಲು ಅವನನ್ನೇ ಕೇಳಿ ಎನ್ನುವ ಹಕ್ಕೂ ಕಾನೂನಿನಲ್ಲಿಲ್ಲ. ತಿಂಗಳಿಗೆ ಸಾವಿರ ಕಟ್ಟಿ ಕಾರು ಗೆಲ್ಲುವ ಲಕ್ಕಿ ಸ್ಕೀಮುಗಳಿಂದ ದೂರವಿರಿ. ಗಲ್ಫಿಗೆ ಹೋಗಿ ಎಲ್ಲ ತೀರಿಸುತ್ತೇನೆ ಎನ್ನುವವರು ವೀಸಾಕ್ಕೆಂದು ಲಕ್ಷಗಟ್ಟಲೆ ಸಾಲ ಮಾಡುವ ಮೊದಲು ತಿಳಿಯಲಿ: ನೋಂದಾಯಿತ ಏಜೆಂಟರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ.

ಖರ್ಚು ಕಡಿಮೆ ಮಾಡಿ ಎಂಬ ಉಪದೇಶವನ್ನು ನಾನು ಮಾಡಲಾರೆ. 9,800ರಲ್ಲಿ ಮೂರು ಜನ ಬದುಕುವ ಮನೆಗೆ ಹೋಗಿ ಚಹಾ ಬಿಡಿ ಎನ್ನುವುದು ಕ್ರೌರ್ಯ. ಮದುವೆಯ ಹಿಂದಿನ ರಾತ್ರಿಯ ಮೆಹಂದಿಗೆ ಡಿಜೆ, ಪೆಂಡಾಲು, ಐನೂರು ಜನರ ಊಟ ಎಂದು ಸಾಲ ಎತ್ತುವುದು ಬೇರೆ ಮಾತು. ಅದನ್ನು ನಿಲ್ಲಿಸಲು ಊರಿನ ನಾಲ್ಕು ಮನೆಗಳು ಒಟ್ಟಿಗೆ ತೀರ್ಮಾನಿಸಬೇಕು, ಒಬ್ಬ ಹುಡುಗನಿಂದಾಗದು. ಇನ್ನು ಬಸ್ಸಿನ ಖರ್ಚು. ಮಹಿಳೆಯರ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಮೂಡುಬಿದಿರೆಯ ದಾರಿಗಳಲ್ಲಿ ಖಾಸಗಿ ಬಸ್ಸುಗಳದ್ದೇ ಪಾರಮ್ಯ, ತಂಗಿಯ ಬಸ್ಸಿನ ಖರ್ಚು ಅಲ್ಲೇ ನಿಂತಿದೆ. ಆ ದಾರಿಗಳಿಗೆ ಸರ್ಕಾರಿ ಬಸ್ಸು ಹೆಚ್ಚಾದರೆ ಇಂಥ ಮನೆಗಳಿಗೆ ಆಗುವ ಸಹಾಯ ಯಾವ ಹಿತವಚನಕ್ಕಿಂತ ದೊಡ್ಡದು.

ಆದಾಯ ಏರಿಸುವ ಒಂದು ದಾರಿ ಹತ್ತಿರದಲ್ಲೇ ಇದೆ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ ರುಡ್‌ಸೆಟ್ ಸಂಸ್ಥೆ ಊಟ ವಸತಿ ಸಹಿತ ಉಚಿತ ತರಬೇತಿ ಕೊಡುತ್ತದೆ; ಇದರ ಮಾದರಿಯಲ್ಲೇ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಸಂಸ್ಥೆಗಳಾದವು. ಮೊಬೈಲ್ ರಿಪೇರಿಯಂಥ ಕೈಕಸುಬು ಕಲಿತು ಅಂಗಡಿ ಮುಗಿಸಿದ ಮೇಲೆ ಸಂಜೆ ದುಡಿದು ತಿಂಗಳಿಗೆ ಎರಡು ಮೂರು ಸಾವಿರ ಹೆಚ್ಚು ಬಂದರೂ ಮೇಲಿನ ಹಾಳೆಯ ಲೆಕ್ಕ ಎಷ್ಟೋ ತಿಂಗಳು ಮುಂದೆ ಜಿಗಿಯುತ್ತದೆ.

ಬಳೆ ಮನೆಗೆ ಬಂದ ಮೇಲೆ ತಿಂಗಳಿಗೆ 5,350 ಬಿಡುವಾಗುತ್ತದೆ. ಅದರಲ್ಲಿ 500 ರೂಪಾಯಿಯನ್ನು ಪಿಗ್ಮಿಗೆ ಹಾಕಿ, ಜ್ವರ ಬಂದರೆ ಮತ್ತೆ ಆ್ಯಪ್ ತೆರೆಯಬಾರದಲ್ಲ. ಉಳಿದದ್ದು ಸಂಘದ ಸಾಲಕ್ಕೆ. ಮೈಕ್ರೋಫೈನಾನ್ಸ್ ಸಾಲವನ್ನು ಅವಧಿಗೆ ಮೊದಲೇ ಕಟ್ಟಿದರೆ ದಂಡ ಹಾಕುವಂತಿಲ್ಲ. ಹದಿನಾರನೇ ತಿಂಗಳಿಗೆ ಬೈಕು ಮುಗಿಯುತ್ತದೆ, ಅದರ 3,100 ಕೂಡ ಅಲ್ಲಿಗೇ. ನಡುವೆ ದೊಡ್ಡ ಆಸ್ಪತ್ರೆ ಖರ್ಚು ಬೀಳದಿದ್ದರೆ ಎರಡು ವರ್ಷ ತುಂಬುವುದರೊಳಗೆ ಸಂಘದ್ದೂ ಮಾವನದ್ದೂ ತೀರಿರುತ್ತದೆ.

ನಿಜವಾದ ಪರೀಕ್ಷೆ ಆಮೇಲೆ. ಸಾಲ ಚೊಕ್ಕವಾಗಿ ತೀರಿಸಿದವರಿಗೆ ಮುಂದಿನದು ಇನ್ನೂ ದೊಡ್ಡದು ಸಿಗುತ್ತದೆ. "ಅಕ್ಕ, ನಿಮ್ಮದು ಒಳ್ಳೆ ರೆಕಾರ್ಡ್, ಈ ಸಲ ಒಂದೂವರೆ ಲಕ್ಷ ಆಗ್ತದೆ" ಎಂಬ ಮಾತು ಬಂದೇ ಬರುತ್ತದೆ. ಹೇಳುವವರ ಕೆಲಸವೇ ಅದು, ಅವರ ಮೇಲೆ ಸಿಟ್ಟು ಬೇಡ. ಬೇಡ ಎಂದು ಹೇಳುವ ಧೈರ್ಯ ಅಮ್ಮನಿಗೆ ಬರಬೇಕಾದರೆ ಕೈಯಲ್ಲಿ ಸ್ವಂತದ್ದು ಏನಾದರೂ ಇರಬೇಕು. ಅದಕ್ಕೇ, ಸಾಲ ಮುಗಿದ ಮರುವಾರದಿಂದಲೇ ಅದೇ ಮೀಟಿಂಗಿನಲ್ಲಿ, ಅದೇ 750ನ್ನು ಉಳಿತಾಯದ ಪುಸ್ತಕಕ್ಕೆ ಕಟ್ಟುತ್ತಾ ಹೋಗಲಿ. ಮೂವತ್ತೆರಡು ವಾರಕ್ಕೆ 24,000. ಡಿಗ್ರಿ ಮುಗಿಸಿದ ತಂಗಿ ಮುಂದೆ ಓದುತ್ತೇನೆ ಎಂದರೆ ಫೀಸಿಗೆ ಕೈಚಾಚಬೇಕಾಗಿಲ್ಲ.